ಪಾಪ ಅಂತ ಬಿಟ್ಟವರು

“ಕೈ ಬಿಡಿ,” ಎಂದು ಎರಡನೇ ಸಲ ಹೇಳುವಾಗ ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು.

“ಬಿಡ್ತೀನಿ. ಒಂದು ಮಾತು ಕೇಳ್ಬಿಡು, ಬಿಟ್ಬಿಡ್ತೀನಿ,” ಎಂದ ಅವನು. ಸ್ಟೋರ್ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಸುತ್ತ ಸಲೈನ್ ಬಾಟಲಿಗಳ ರಟ್ಟಿನ ಪೆಟ್ಟಿಗೆಗಳನ್ನು ಸೂರಿನವರೆಗೆ ಪೇರಿಸಿದ್ದರು. ಅವಳ ಬಲ ಮಣಿಕಟ್ಟು ಅವನ ಮುಷ್ಟಿಯೊಳಗಿತ್ತು. ಸ್ಪ್ಯಾನರು, ಕಬ್ಬಿಣದ ಹಗ್ಗ ಹಿಡಿದು ಒರಟಾದ ಅಂಗೈ. “ಆರು ವಾರದಿಂದ ಒಂದು ಮೆಸೇಜಿಗೂ ಉತ್ತರ ಇಲ್ಲ. ನಾನೇನು ಮನುಷ್ಯ ಅಲ್ವಾ? ಎರಡು ವರ್ಷದಲ್ಲಿ ಊಟ ಆಯ್ತಾ ಅಂತ ನನ್ನ ಕೇಳಿದವಳು ನೀನೊಬ್ಬಳೇ. ಈಗ ನೀನೂ ಹೀಗೆ ಮಾಡಿದ್ರೆ ನಾನೆಲ್ಲಿಗೆ ಹೋಗ್ಲಿ?”

ಹೊರಗೆ ಡಯಾಲಿಸಿಸ್ ಹಾಲಿನಲ್ಲಿ ಯಂತ್ರವೊಂದರ ಅಲಾರಂ ಹೊಡೆದುಕೊಳ್ಳತೊಡಗಿತು. ಸದ್ದು ಬಂದ ಕಡೆಯಿಂದಲೇ ಅದು ಎಂಟನೇ ಹಾಸಿಗೆಯದೆಂದು ಅವಳಿಗೆ ಗೊತ್ತಾಯಿತು. ಎಂಟನೇ ಹಾಸಿಗೆಯಲ್ಲಿ ಮಲಗಿದ್ದವಳು ಅವನ ಹೆಂಡತಿ.

“ನಿಮ್ಮ ಮನೆಯವರ ಮೆಷಿನ್ನೇ ಕೂಗ್ತಿರೋದು,” ಎಂದಳು.

ಮುಷ್ಟಿ ಥಟ್ಟನೆ ಸಡಿಲವಾಯಿತು. ಅವಳಿಗಿಂತ ಮೊದಲು ಅವನೇ ಓಡಿದ.

ಗಾಬರಿಪಡುವಂಥದ್ದೇನೂ ಆಗಿರಲಿಲ್ಲ. ಹೆಂಡತಿ ಸೂಜಿ ಹಾಕಿದ ಕೈಯನ್ನು ಮಡಚಿದ್ದಳು, ನಳಿಕೆ ಒತ್ತಿಕೊಂಡಿತ್ತು. ಇವಳು ಆ ಕೈ ನೇರ ಮಾಡಿ, ಪಟ್ಟಿ ಬಿಗಿ ಮಾಡಿ, ಅಲಾರಂ ಆರಿಸಿದಳು. ಅವನು ಹೊದಿಕೆಯ ಅಂಚು ಸರಿಪಡಿಸುತ್ತ ಹೆಂಡತಿಯ ಪಾದ ತಿಕ್ಕುತ್ತಿದ್ದ. ಇವಳ ಮಣಿಕಟ್ಟಿನ ಮೇಲೆ ನಾಲ್ಕು ಬೆರಳು ಕೆಂಪಗೆ ಮೂಡಿದ್ದವು.

ಅವಳು ನರ್ಸ್ ಅಲ್ಲ, ಡಯಾಲಿಸಿಸ್ ಟೆಕ್ನಿಷಿಯನ್. ಹನ್ನೊಂದು ವರ್ಷ ಹೇಳಿ ಹೇಳಿ ಬಾಯಿ ನೋವು ಬಂದಮೇಲೆ ಹೇಳುವುದನ್ನೇ ಬಿಟ್ಟಿದ್ದಳು. ಬಂದವರಿಗೆಲ್ಲ ಅವಳು ಸಿಸ್ಟರ್. ಎಂಟನೇ ಹಾಸಿಗೆಯವಳು ಮೂತ್ರಪಿಂಡ ಕೈಕೊಡುವ ತನಕ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದಳು, ಹಾಗಾಗಿ ಡ್ರಾಯಿಂಗ್ ಟೀಚರ್. ಗಂಡ ಲಿಫ್ಟ್ ಮೆಕ್ಯಾನಿಕ್. ಆಸ್ಪತ್ರೆಯ ಲಿಫ್ಟು ಒಂದು ಬೆಳಿಗ್ಗೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಾಗ ಅಂಗಿಯ ತೋಳು ಮಡಚಿ ಒಳಗಿಳಿದು ಸರಿಮಾಡಿದ್ದರಿಂದ, ಅಂದಿನಿಂದ ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವನು ಲಿಫ್ಟ್ ಅಣ್ಣ.

ವಾರಕ್ಕೆ ಮೂರು ದಿನ, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹೆಂಡತಿಯನ್ನು ಕರೆತರುತ್ತಿದ್ದ. ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೆ ಕೂತು ತೂಕಡಿಸುತ್ತಿದ್ದ. ಮನೆಯಲ್ಲಿ ಅವಳಿಗೆ ಕುಡಿಯುವ ನೀರನ್ನು ಲೋಟದಲ್ಲಿ ಅಳೆದು ಕೊಡುತ್ತಿದ್ದವನೂ, ಉಪ್ಪಿಲ್ಲದ ಅಡುಗೆ ಮಾಡಿ ತಾನೂ ಅದನ್ನೇ ತಿನ್ನುತ್ತಿದ್ದವನೂ ಅವನೇ. “ಗಂಡ ಅಂದ್ರೆ ಹೀಗಿರಬೇಕು,” ಎಂದು ಬೆಂಚಿನ ಹೆಂಗಸರು ತಮ್ಮ ತಮ್ಮ ಗಂಡಂದಿರಿಗೆ ಕೇಳಿಸುವ ಹಾಗೆ ಹೇಳುತ್ತಿದ್ದರು.

ಟೀಚರ ಕೈಯ ನರ ಆಳದಲ್ಲಿ ತಿರುಚಿಕೊಂಡಿತ್ತು. ಉಳಿದವರು ಎರಡು ಮೂರು ಸಲ ಚುಚ್ಚಿದರೂ ಸಿಗದ್ದು ಇವಳ ಕೈಗೆ ಒಂದೇ ಸಲಕ್ಕೆ ಸಿಗುತ್ತಿತ್ತು. ಅದಕ್ಕೇ ಆ ಹಾಸಿಗೆ ಯಾವಾಗಲೂ ಇವಳ ಪಾಲಿಗೆ. ಒಂದು ದಿನ ಬೆಂಚಿನ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದವನನ್ನು ಹಾದುಹೋಗುತ್ತ, “ಊಟ ಆಯ್ತಾ ಅಣ್ಣ?” ಎಂದು ಕೇಳಿದ್ದು ನಿಜ. ಅವಳು ಎಲ್ಲರನ್ನೂ ಕೇಳುತ್ತಿದ್ದಳು.

ಮೊದಲು ಅವನಿಂದ ಥ್ಯಾಂಕ್ಸ್ ಎಂಬ ಮೆಸೇಜು ಬಂತು. ಆಮೇಲೆ ಹೆಂಡತಿಯ ಕಾಲು ಊದಿದೆ, ಏನು ಮಾಡಲಿ ಎಂದು. ಆಮೇಲೆ ನಿದ್ದೆ ಬರ್ತಿಲ್ಲ ಎಂದು. ಅಯ್ಯೋ ಅನ್ನಿಸಿ ಅವಳು ಎರಡು ಮೂರಕ್ಕೆ ಉತ್ತರ ಬರೆದಿದ್ದಳು. ದಿನಕ್ಕೆ ನಲವತ್ತಾದಾಗ ನಿಲ್ಲಿಸಿದಳು. ಅವನು ಬಸ್‌ಸ್ಟಾಪಿನಲ್ಲಿ ಕಾಯತೊಡಗಿದ. ಸಿಸ್ಟರ್ ಎನ್ನುವುದು ನಿಂತು ನೀನು ಎನ್ನುವುದು ಶುರುವಾಯಿತು. ನಂಬರು ಬ್ಲಾಕ್ ಮಾಡಿದರೆ ಹೆಂಡತಿಯ ಫೋನಿನಿಂದ ಬಂತು. ಉತ್ತರ ಬರದಿದ್ದಾಗ ಬೆಂಚಿನವರ ಮುಂದೆ, “ಆ ಸಿಸ್ಟರಿಗೆ ಯಾಕೋ ನಮ್ಮವಳ ಮೇಲೆ ಕೋಪ. ಬೇಕಂತಲೇ ನೋವು ಮಾಡ್ತಾಳೆ,” ಎಂದು ಹಬ್ಬಿಸಿದ. ಎರಡು ಮನೆಯವರು ತಮಗೆ ಬೇರೆ ಟೆಕ್ನಿಷಿಯನ್ ಕೊಡಿ ಎಂದು ಕೇಳಿಕೊಂಡರು. ಅದಾದ ವಾರಕ್ಕೆ ಸ್ಟೋರ್ ರೂಮು.

ದೊಡ್ಡ ಡಾಕ್ಟರು ಹೆಂಗಸು. ಕನ್ನಡಕ ತೆಗೆದಿಟ್ಟು, ಅವಳು ತೋರಿಸಿದ ಫೋನಿನಲ್ಲಿದ್ದ ಮೆಸೇಜುಗಳನ್ನೆಲ್ಲ ತಾಳ್ಮೆಯಿಂದ ಓದಿದರು. ಓದಿ ಮುಗಿಸಿ ಹಣೆ ಒತ್ತಿಕೊಂಡರು.

“ನಾನು ಕರೆದು ಬುದ್ಧಿ ಹೇಳ್ತೀನಮ್ಮ. ಬರವಣಿಗೆಯಲ್ಲಿ ದೂರು ಮಾತ್ರ ಕೊಡ್ಬೇಡ.”

“ಯಾಕೆ ಮೇಡಂ?”

“ಬರೆದುಕೊಟ್ರೆ ಆಸ್ಪತ್ರೆ ಕಮಿಟಿಗೆ ಹೋಗುತ್ತೆ. ಅವರು ಅವನನ್ನ ಒಳಗೆ ಬಿಡಬೇಡಿ ಅಂತಾರೆ. ಆಮೇಲೆ ಆ ಹೆಂಗಸನ್ನ ಕರ್ಕೊಂಡು ಬರೋರ್ಯಾರು? ಮಕ್ಕಳಿಲ್ಲ, ಮರಿಯಿಲ್ಲ. ಎರಡು ಸಲ ತಪ್ಪಿದ್ರೆ ಏನಾಗುತ್ತೆ ಅಂತ ನಿನಗೆ ನಾನು ಹೇಳ್ಬೇಕಾ?”

“ಅವರು ನನ್ನ ಕೈ ಹಿಡ್ಕೊಂಡ್ರು ಮೇಡಂ. ಬಾಗಿಲಿಗೆ ಅಡ್ಡ ನಿಂತು.”

“ತಪ್ಪೇ. ನಾನು ಇಲ್ಲ ಅನ್ನಲ್ಲ. ಆದ್ರೆ ಅವನು ಕೆಟ್ಟ ಮನುಷ್ಯ ಅಲ್ಲ, ಸುಸ್ತಾಗಿದ್ದಾನೆ.”

ಸುಸ್ತಾದವರು ಮಲಗ್ತಾರೆ ಮೇಡಂ ಎಂಬ ಉತ್ತರ ಅವಳಿಗೆ ಹೊಳೆದದ್ದು ಮೆಟ್ಟಿಲು ಇಳಿದಾದ ಮೇಲೆ. ಕೆಳಗೆ ವಾರ್ಡಿನ ಆಯಾ ಹಾಸಿಗೆಯ ಬಟ್ಟೆ ಗಂಟು ಕಟ್ಟುತ್ತಿದ್ದಳು. ಸುದ್ದಿ ಆಗಲೇ ಅವಳ ಕಿವಿಗೆ ಬಿದ್ದಿತ್ತು. “ಪಾಪ ಕಣೇ, ಆ ಮನುಷ್ಯ. ನಾಲ್ಕು ದಿನ ಕಂಡೂ ಕಾಣದ ಹಾಗೆ ಇದ್ಬಿಡು. ನಿನ್ನ ಗಂಟೇನು ಹೋಗುತ್ತೆ?”

ಮನೆಗೆ ಬಂದಾಗ ಅಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಮಗಳ ಮಣಿಕಟ್ಟು ನೋಡಿ ಕಾಯಿ ಕೆಳಗಿಟ್ಟಳು. ಮಗಳು ಎಲ್ಲವನ್ನೂ ಹೇಳಿದಳು. ಹೇಳುವಾಗಲೇ ಅಮ್ಮ ಏನನ್ನುತ್ತಾಳೆಂದು ಅವಳಿಗೆ ಗೊತ್ತಿತ್ತು. ಅಪ್ಪ ಲಕ್ವ ಹೊಡೆದು ಒಂಬತ್ತು ವರ್ಷ ನಡುಮನೆಯ ಮಂಚದ ಮೇಲಿದ್ದ. ಎತ್ತಿ ಇಳಿಸಿ, ತೊಳೆದು ಬಳಿದು ಮಾಡಿದವಳು ಅಮ್ಮ ಒಬ್ಬಳೇ. ನೋಡಿಕೊಳ್ಳುವವರ ಸಂಕಟ ನಿನಗೇನು ಗೊತ್ತು ಎನ್ನುತ್ತಾಳೆ, ಅಷ್ಟೇ.

ಅಮ್ಮ ಮಾತ್ರ, “ನಾನು ನಿನಗೆ ಹೊಡೀತಿದ್ದೆ,” ಎಂದಳು.

ಇಪ್ಪತ್ತು ವರ್ಷಗಳಲ್ಲಿ ಈ ಮಾತು ಆ ಮನೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಸೌಟು, ಪೊರಕೆಯ ಹಿಡಿ, ಕೈಗೆ ಸಿಕ್ಕಿದ್ದು. ಒಮ್ಮೆ ಅವಳ ಕೈಯಿಂದ ಅಪ್ಪನ ಬೆಡ್‌ಪ್ಯಾನ್ ಜಾರಿ ಬಿದ್ದಾಗ ಬೆಲ್ಟು. ಅಪ್ಪ ಮಂಚದ ಮೇಲಿಂದಲೇ ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಳ್ಳುತ್ತಿದ್ದ.

“ಅದ್ಯಾಕಮ್ಮ ಈಗ?”

“ಪಕ್ಕದ ಮನೆಯವರಿಗೆ ಕೇಳಿಸ್ತಿತ್ತು. ನಿನ್ನ ಸೋದರತ್ತೆ ಕಣ್ಣಾರೆ ನೋಡಿದ್ಳು. ಶಾಲೆಯಲ್ಲಿ ನಿನ್ನ ತೋಳು ನೋಡಿ ನಿಮ್ಮ ಮಿಸ್ಸು ಮನೆವರೆಗೂ ಬಂದಿದ್ಳು. ನಿಮ್ಮಪ್ಪನ್ನ ನೋಡಿ, ಒಂದು ಲೋಟ ನೀರು ಕುಡಿದು, ಪಾಪ, ನಿಮ್ಮ ಕಷ್ಟ ನಿಮಗೆ ಅಂತ ಹೇಳಿ ಹೋದ್ಳು. ಎಲ್ಲರೂ ಪಾಪ ಅಂತ ಬಿಟ್ರು. ಒಬ್ಬರಾದ್ರೂ ಬಂದು, ಏನೇ ಮಾಡ್ತಿದ್ದೀಯ ಆ ಮಗೂಗೆ ಅಂತ ಕೇಳಿದ್ದಿದ್ರೆ...”

“ಕೇಳಿದ್ದಿದ್ರೆ?”

“ಅವರ ಮೇಲೂ ಹರಿಹಾಯ್ತಿದ್ದೆ,” ಎಂದಳು ಅಮ್ಮ. “ಆದ್ರೆ ಮಾರನೇ ದಿನ ಕೈ ಎತ್ತೋಕೆ ನಾಚಿಕೆ ಆಗ್ತಿತ್ತು.”

ಮಗಳು ಕಾದಳು. ಇನ್ನೊಂದು ಮಾತು, ಅದರ ಮುಂದಿನದು, ಈಗ ಬರುತ್ತದೆ ಎನ್ನಿಸಿತು. ಅಮ್ಮ ನಾರನ್ನೆಲ್ಲ ಸೆರಗಿನಲ್ಲಿ ಒಟ್ಟು ಮಾಡಿ ಎದ್ದಳು. “ಬರೀ ನಾರು. ಇದನ್ನ ಬೆಳೆಸಿದವನಿಗೆ ಬುದ್ಧಿ ಇಲ್ಲ, ತಂದ ನನಗೂ ಇಲ್ಲ,” ಎನ್ನುತ್ತ ಒಳಗೆ ಹೋದಳು.

ಮರುದಿನ ಅವಳು ದೂರು ಬರೆದುಕೊಟ್ಟಳು.

ಕಮಿಟಿಯಲ್ಲಿ ಮೂವರಿದ್ದರು. ಅವನು ಯಾವುದನ್ನೂ ಅಲ್ಲಗಳೆಯಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ; ಕಾಲರಿನ ಬಳಿ ಸುಟ್ಟ ಕಲೆಯಿತ್ತು. “ತಪ್ಪಾಯ್ತು,” ಎಂದು ಅವಳ ಕಡೆ ನೋಡದೆ ಕೈಮುಗಿದ. ಆಮೇಲೆ ಅಳು ತಡೆಯಲಾಗದೆ, “ಒಂದೇ ಒಂದು ಕೇಳ್ತೀನಿ. ನನ್ನ ಜಾಗದಲ್ಲಿ ನೀವಿದ್ದಿದ್ರೆ ನಿಮ್ಮ ತಲೆ ನೆಟ್ಟಗಿರ್ತಿತ್ತಾ?” ಎಂದ. ನನ್ನ ಜಾಗದಲ್ಲಿ ನೀವಿದ್ದಿದ್ದರೆ ಎಂದು ಕೇಳುವ ಸರದಿ ತನಗೂ ಬರಬಹುದೆಂದು ಅವಳು ಕೈಕಟ್ಟಿ ಕೂತಿದ್ದಳು. ಬರಲಿಲ್ಲ. ಆರು ತಿಂಗಳು ಅವನು ಗೇಟು ದಾಟುವಂತಿಲ್ಲ, ಹೆಂಡತಿಯನ್ನು ಗೇಟಿನಲ್ಲಿ ಆಯಾಗೆ ಒಪ್ಪಿಸಬೇಕು, ಇನ್ನೊಂದು ಮೆಸೇಜು ಬಂದರೆ ಪೊಲೀಸರಿಗೆ ಎಂದು ತೀರ್ಮಾನವಾಯಿತು.

ಒಂದು ವಾರ ಎಲ್ಲವೂ ಹಾಗೇ ನಡೆಯಿತು. ಬೆಂಚಿನವರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಆಯಾ ಅವಳ ಪಾಲಿನ ಚಹಾ ತೆಗೆದಿಡುವುದನ್ನು ಮರೆಯತೊಡಗಿದಳು. ಟೀಚರ್ ಮಾತ್ರ ಎಂದಿನಂತೆ ಕೈ ಚಾಚುತ್ತಿದ್ದಳು, ಎಂದಿನಂತೆ ಸೂಜಿಯನ್ನೇ ನೋಡುತ್ತಿದ್ದಳು.

ಎರಡನೇ ವಾರದ ಮೊದಲ ಡಯಾಲಿಸಿಸ್ ದಿನ ಟೀಚರ್ ಬರಲಿಲ್ಲ. ಫೋನು ಎತ್ತಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೆಯ ದಿನ ಹಗಲು ಹನ್ನೊಂದಕ್ಕೆ ಅವಳನ್ನು ಸ್ಟ್ರೆಚರಿನ ಮೇಲೆ ತಂದರು. ಮುಖ ಊದಿ ಕಣ್ಣು ಸೀಳಾಗಿತ್ತು. ಎದೆಯಲ್ಲಿ ನೀರು ತುಂಬಿ, ಉಸಿರು ಕೊಳವೆಯಲ್ಲಿ ನೀರು ಗುಳುಗುಳು ಎನ್ನುವಂತೆ ಕೇಳುತ್ತಿತ್ತು. ಹಾಲಿನಲ್ಲಿದ್ದವರೆಲ್ಲರೂ ರೋಗಿಯನ್ನಲ್ಲ, ಇವಳನ್ನು ನೋಡಿದರು. ದೊಡ್ಡ ಡಾಕ್ಟರು, “ಬೇಗ ಚುಚ್ಚು,” ಎಂದಷ್ಟೇ ಅಂದರು. ಟೀಚರ ಕೈಯೂ ಊದಿತ್ತು. ಆದರೂ ನರ ಒಂದೇ ಸಲಕ್ಕೆ ಸಿಕ್ಕಿತು.

ಎರಡು ಗಂಟೆ ಕಳೆದಮೇಲೆ ಟೀಚರ ಉಸಿರು ಹಗುರಾಯಿತು. ಇವಳು ರಕ್ತದೊತ್ತಡ ಬರೆದುಕೊಳ್ಳುತ್ತಿದ್ದಾಗ, “ಅವನ ತಪ್ಪಲ್ಲ,” ಎಂದಳು ಟೀಚರ್. “ನಾನೇ ಬರಲ್ಲ ಅಂದೆ. ಕಾಲು ಹಿಡಿದ, ಅತ್ತ. ಇವತ್ತು ನನಗೆ ಎಚ್ಚರ ತಪ್ಪಿದ ಮೇಲೆ ಹೊತ್ಕೊಂಡು ಬಂದಿದ್ದಾನೆ.”

“ಯಾಕೆ ಟೀಚರ್ ಹಾಗೆ ಮಾಡಿದ್ರಿ?”

“ನಿನ್ನ ಮುಂದೆ ಕೈ ಚಾಚಿ ಮಲಗೋಕೆ ಆಗ್ತಿಲ್ಲ.” ಸ್ವಲ್ಪ ಹೊತ್ತು ಸೂರು ನೋಡಿದಳು. “ನನಗೆ ಮೊದಲಿಂದ್ಲೂ ಗೊತ್ತಿತ್ತು. ನನ್ನ ಫೋನು ನನ್ನ ದಿಂಬಿನ ಕೆಳಗೇ ಇರುತ್ತಲ್ಲ. ನಾನು ನಿದ್ದೆ ಮಾಡ್ತಿದ್ದೀನಿ ಅಂದ್ಕೊಂಡು ತೆಗೀತಿದ್ದ. ಬರೆದದ್ದನ್ನ ಅಳಿಸೋಕೂ ಬರ್ತಿರಲಿಲ್ಲ ಅವನಿಗೆ.”

ಅವಳು ಪೆನ್ನಿನ ಮುಚ್ಚಳ ಹಾಕಿದಳು. ತೆಗೆದಳು.

“ಒಂದು ಮಾತು ಹೇಳಬಹುದಿತ್ತಲ್ಲ ನೀವು.”

“ಹೇಳಬಹುದಿತ್ತು. ಅವನಿಲ್ದೆ ನಾನು ಇಲ್ಲಿಗೆ ಬರೋ ಹಾಗಿಲ್ಲ. ನೀನಿಲ್ದೆ ಬಂದೂ ಉಪಯೋಗ ಇಲ್ಲ. ಇಬ್ಬರಲ್ಲಿ ತಡ್ಕೊಳ್ಳೋಳು ನೀನು ಅನ್ನಿಸ್ತು. ಅದಕ್ಕೆ ನಿನ್ನ ಕೈ ಬಿಟ್ಟೆ.” ಟೀಚರ್ ಕೆಮ್ಮಿ ಸುಧಾರಿಸಿಕೊಂಡಳು. “ಆವತ್ತು ಅವನು ನಿನ್ನ ಹಿಂದೆ ಸ್ಟೋರ್ ರೂಮಿಗೆ ಹೋಗಿದ್ದು ಕಾಣಿಸ್ತು. ಮೆಷಿನ್ ಕೂಗ್ಲಿ ಅಂತ ಕೈ ಮಡಚಿದೆ. ನನ್ನಿಂದ ಆಗಿದ್ದು ಅಷ್ಟೇ.”

ಯಂತ್ರದ ಚಕ್ರ ತಿರುಗುತ್ತಿತ್ತು. ಆ ಕೈ ಮುಟ್ಟಬೇಕಿತ್ತು. ಇವಳು ರಕ್ತದೊತ್ತಡದ ಅಂಕಿ ಬರೆದಳು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಗೋಡೆಯ ಕಡೆ ಹೊರಳಿದ ಅಪ್ಪನ ತಲೆಯ ಹಿಂಭಾಗವನ್ನು ನೋಡುತ್ತ ನಿಂತಾಗ ಬರುತ್ತಿದ್ದ ಸಿಟ್ಟು, ಆಗ ಯಾರ ಮೇಲೆಂದು ಗೊತ್ತಾಗದೆ ಉಳಿದದ್ದು, ಈಗ ಮತ್ತೆ ಬಂತು.

“ನೀನು ಮಾಡಿದ್ದು ಸರಿ,” ಎಂದಳು ಟೀಚರ್. “ನಾಳಿದ್ದಿಂದ ಬೇರೆಯವರ ಕೈಲಿ ಚುಚ್ಚಿಸ್ಕೋತೀನಿ.”

“ಅವರಿಗೆ ನಿಮ್ಮ ನರ ಸಿಗಲ್ಲ ಟೀಚರ್.”

“ಗೊತ್ತು.”

ಹಾಗೇ ಆಯಿತು. ಎಂಟನೇ ಹಾಸಿಗೆಗೆ ಹೊಸಬನೊಬ್ಬನನ್ನು ಹಾಕಿದರು. ಅವನು ಒಳ್ಳೆಯವನೇ, ಆದರೆ ಕೈ ಇನ್ನೂ ಪಳಗಿರಲಿಲ್ಲ. ಅವಳು ಐದನೇ ಹಾಸಿಗೆಯ ಬಳಿ ನಿಂತು ನಳಿಕೆ ಜೋಡಿಸುತ್ತಿದ್ದಳು. ಮೊದಲ ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು. ತೋಳಿನ ಚರ್ಮದಡಿ ರಕ್ತ ನೀಲಿಯಾಗಿ ಹರಡಿತು. “ಇರ್ಲಿ, ಇನ್ನೊಂದ್ಸಲ ನೋಡಿ,” ಎಂಬ ಟೀಚರ ಮಾತು ಕೇಳಿಸಿತು. ಹೊಸಬ ಬೆವರು ಒರೆಸಿಕೊಳ್ಳುತ್ತ ಇವಳ ಕಡೆ ನೋಡಿದ. ಇವಳು ಎರಡು ಹೆಜ್ಜೆ ಇಟ್ಟಳು. ಟೀಚರ್ ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದಳು, ಬೇಡ ಎನ್ನುವಂತೆ. ಇವಳು ಐದನೇ ಹಾಸಿಗೆಗೆ ವಾಪಸಾದಳು. ನರ ಸಿಕ್ಕಿದ್ದು ನಾಲ್ಕನೇ ಸಲಕ್ಕೆ.

ಮಧ್ಯಾಹ್ನ ಆಯಾ ಗಾಲಿಕುರ್ಚಿ ತಳ್ಳಿಕೊಂಡು ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ಗೇಟಿನ ಗೆರೆಯ ಆಚೆ, ಬಿಸಿಲಿನಲ್ಲಿ, ಅವನು ನಿಂತಿದ್ದ. ಕಾವಲುಗಾರ ಬೇರೆಲ್ಲೋ ನೋಡುತ್ತಿದ್ದ. ಆಯಾ ಕುರ್ಚಿಯನ್ನು ಗೆರೆಯ ಮೇಲೆ ನಿಲ್ಲಿಸಿದಳು. ಅವನು ನೆಲಕ್ಕೆ ಮಂಡಿಯೂರಿ ಹೆಂಡತಿಯ ಪಾದಗಳನ್ನು ಒಂದೊಂದಾಗಿ ಚಪ್ಪಲಿಗೆ ತೂರಿಸಿದ. ಟೀಚರ್ ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದನ್ನು ಅವನ ನೆತ್ತಿಯ ಮೇಲೆ ಊರಿ, ತನ್ನ ಪೂರ್ತಿ ಭಾರ ಹಾಕಿ, ನಿಧಾನವಾಗಿ ಎದ್ದು ನಿಂತಳು.