ಎದುರಾಳಿ ಮಲಗಿದ ನಾಲ್ಕು ನಿಮಿಷ

ಭಾನುವಾರ ಬೆಳಗ್ಗೆ ಜಯನಗರದ ಮನೆಯಿಂದ ಹೊರಡುವಾಗಲೇ ಚಕ್ರಪಾಣಿ ಮಾತನ್ನು ಸಿದ್ಧಮಾಡಿಕೊಂಡಿದ್ದರು. "ನೋಡ್ರಪ್ಪಾ, ನನ್ನ ಮಂಡಿ ಇನ್ನು ಮಾತು ಕೇಳಲ್ಲ. ಇನ್ಮೇಲೆ ಮ್ಯಾಚಿಗೆ ಬರೋಕಾಗಲ್ಲ." ಇದರಲ್ಲಿ ಅರ್ಧ ಸುಳ್ಳಿತ್ತು. ನೋಯುತ್ತಿದ್ದುದು ಮಂಡಿಯೇ ಆದರೂ ದಣಿದದ್ದು ಅದಲ್ಲ. ಗಿರಿನಗರ ಫ್ರೆಂಡ್ಸ್ ಫುಟ್‌ಬಾಲ್ ತಂಡ ಈ ಸಲದ ಲೀಗಿನಲ್ಲಿ ಏಳು ಪಂದ್ಯ ಆಡಿ ಏಳನ್ನೂ ಸೋತಿತ್ತು. ನಲವತ್ತೊಂದು ಗೋಲು ತಿಂದು ಎರಡು ಹೊಡೆದಿತ್ತು. ಆ ಎರಡರಲ್ಲೂ ಒಂದು, ಎದುರಾಳಿಗಳೇ ಕಾಲು ತಪ್ಪಿ ತಮ್ಮ ಬಲೆಗೆ ತಳ್ಳಿಕೊಂಡದ್ದು.

ತಂಡದಲ್ಲಿ ಅವರ ಮಗನಿರಲಿಲ್ಲ, ಮೊಮ್ಮಗನಿರಲಿಲ್ಲ. ಮೂರು ವರ್ಷದ ಹಿಂದೆ ಗಿರಿನಗರದಲ್ಲಿರುವ ತಂಗಿಯ ಮನೆಗೆ ಹೋಗುತ್ತಿದ್ದವರು ಮೈದಾನದ ಪಕ್ಕ ಸುಸ್ತಾಗಿ ನಿಂತಿದ್ದಾಗ ತಂಡದವರು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ್ದರು. ಕೂತರು. ಕೂತವರು ಏಳಲಿಲ್ಲ, ಅಷ್ಟೆ. ಹೀಗೇ ಕೂತವರು ಇನ್ನಿಬ್ಬರಿದ್ದರು. ಬನಶಂಕರಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ, ದಾವಣಗೆರೆ ಕಡೆಯ ಮರುಳಸಿದ್ದಪ್ಪ ಒಬ್ಬರು. ಗೋಲ್‌ಕೀಪರ್ ಮಯೂರನ ಚಿಕ್ಕಮ್ಮ ವಿಮಲಾ ಇನ್ನೊಬ್ಬರು. ಮೂವರು ಸೇರಿದರೆ ಅಭಿಮಾನಿ ಬಳಗ.

ಬಳಗಕ್ಕೊಂದು ಪದ್ಧತಿಯಿತ್ತು. ಸೋತ ಮೇಲೆ ಮೂವರಲ್ಲಿ ಒಬ್ಬರು ಸರದಿಯಂತೆ ಹೋಗಿ ಹುಡುಗರಿಗೆ ಸಮಾಧಾನ ಹೇಳಬೇಕು. ಗೆದ್ದರೆ ಏನು ಹೇಳಬೇಕೆಂದು ಯಾರೂ ಗೊತ್ತುಮಾಡಿರಲಿಲ್ಲ. ಮರುಳಸಿದ್ದಪ್ಪ "ಉಂಡು ಮಕ್ಕೋರಪ್ಪಾ, ಎಲ್ಲಾ ಸರಿ ಆಕ್ಕತಿ" ಎಂದು ಮುಗಿಸಿಬಿಡುತ್ತಿದ್ದರು. ಚಕ್ರಪಾಣಿಯವರ ಲೆಕ್ಕವೇ ಬೇರೆ. ಕಚೇರಿಯಲ್ಲಾಗಲಿ ಬಡಾವಣೆಯಲ್ಲಾಗಲಿ ಯಾರು ತೀರಿಕೊಂಡರೂ ಸಂತಾಪ ಸಭೆಯಲ್ಲಿ ಎರಡು ಮಾತಾಡಲು ಜನ ನಲವತ್ತು ವರ್ಷದಿಂದ ಅವರನ್ನೇ ಕರೆಯುತ್ತಿದ್ದರು. ಆರು-ಸೊನ್ನೆಗೊಂದು ಧಾಟಿ, ಒಂಬತ್ತು-ಸೊನ್ನೆಗೊಂದು ಧಾಟಿ ಅವರಲ್ಲಿ ಸಿದ್ಧವಿತ್ತು. ಇವತ್ತು ಅವರದೇ ಸರದಿ. ಸಮಾಧಾನದ ಬಾಲಕ್ಕೆ ವಿದಾಯವನ್ನೂ ಕಟ್ಟಿಬಿಟ್ಟರೆ ಮುಂದಿನ ಭಾನುವಾರದಿಂದ ಹತ್ತು ಗಂಟೆಯವರೆಗೆ ಮಲಗಬಹುದು.

ಪಂದ್ಯ ಕುಮಾರಸ್ವಾಮಿ ಲೇಔಟ್‌ನ ಮೈದಾನದಲ್ಲಿ. ಎದುರಾಳಿ, ಲೀಗಿನಲ್ಲಿ ಎರಡನೇ ಸ್ಥಾನದಲ್ಲಿದ್ದ ಬಿಟಿಎಂ ಕಡೆಯ ತಂಡ. ಇಪ್ಪತ್ತನೇ ನಿಮಿಷಕ್ಕೆ ಅವರು ಗೋಲು ಹೊಡೆದರು.

"ಶುರುವಾಯ್ತು," ಎಂದು ವಿಮಲಾ ಕಿತ್ತಳೆ ಹಣ್ಣು ಸುಲಿಯತೊಡಗಿದರು.

ಆದರೆ ಎರಡನೆಯದು ಬರಲಿಲ್ಲ. ಹಾಫ್ ಟೈಮ್ ಆಯಿತು, ಆಗಲೂ ಒಂದು-ಸೊನ್ನೆ. ಮರುಳಸಿದ್ದಪ್ಪನವರಿಗೆ ಅನುಮಾನ ಬಂತು. "ಯಾಕ್ರೀ, ಅವರಿಗೆ ಇವತ್ತು ಮೈಯಾಗ ಹುಷಾರಿಲ್ಲೇನು?"

ಹುಷಾರಾಗಿಯೇ ಇದ್ದರು. ಆದರೂ ಮುಗಿಯಲು ಹತ್ತು ನಿಮಿಷವಿದ್ದಾಗ ಗಿರಿನಗರದ ಕ್ಯಾಪ್ಟನ್ ಚಿರಂತ್ ಒದ್ದ ಚೆಂಡು ಅವರ ಗೋಲಿನ ಕಂಬಕ್ಕೆ ಬಡಿದು ಆಚೆ ಹೋಯಿತು. ಅದಾದ ಮೇಲೆ ಅವರ ಗೋಲ್‌ಕೀಪರ್ ಮೀನಖಂಡ ಹಿಡಿದುಕೊಂಡು ಅಂಗಾತ ಮಲಗಿದ.

"ಪಾಪ, ಏನಾಯ್ತೋ!" ಎಂದರು ವಿಮಲಾ.

"ಯಾರೂ ಮುಟ್ಟೇ ಇಲ್ವಲ್ಲ," ಎಂದರು ಚಕ್ರಪಾಣಿ.

ಎದ್ದವನು ಚೆಂಡನ್ನು ಎಡಕ್ಕಿಟ್ಟ, ಬಲಕ್ಕಿಟ್ಟ, ಕೂತು ಶೂ ಲೇಸ್ ಬಿಚ್ಚಿ ಕಟ್ಟಿದ. ಇನ್ನೊಬ್ಬ ಚೆಂಡನ್ನು ಕಾಂಪೌಂಡಿನಾಚೆ ಎಳನೀರಿನ ಗಾಡಿಯವರೆಗೆ ಒದ್ದ. ವಿಮಲಾ ಎದ್ದು ನಿಂತರು.

"ರೆಫರಿ ಸಾರ್, ವಾಚ್ ನೋಡ್ಕೊಳ್ರಿ! ಬೇಕೂಂತ ಟೈಮ್ ತಿಂತಿದಾರೆ!"

"ಕೂತ್ಕೊಳ್ಳಿ ವಿಮಲಾ," ಎಂದರು ಚಕ್ರಪಾಣಿ. "ತಿನ್ಲಿ ಬಿಡಿ."

"ಏನ್ ಸಾರ್ ನೀವು! ಹೋಗ್ತಿರೋದು ನಮ್ಮ ಟೈಮು!"

"ಹೋಗ್ಲಿ. ಇಷ್ಟು ದಿನದಲ್ಲಿ ನಮ್ಮೆದುರು ಒಬ್ಬನಾದ್ರೂ ಟೈಮ್ ತಿಂದಿದ್ದು ನೋಡಿದೀರಾ?"

ವಿಮಲಾ ಯೋಚಿಸಿದರು. ನೋಡಿರಲಿಲ್ಲ. ಎದುರಾಳಿಗಳು ಇವರ ಜೊತೆ ಆಡುವಾಗ ಅಂಗಳ ಗುಡಿಸುವವರಂತೆ ಸರಸರ ಮುಗಿಸಿಕೊಂಡು ಹೋಗುತ್ತಿದ್ದರು. ಒಂದು ತಂಡದ ಕ್ಯಾಪ್ಟನ್ ಹಾಫ್ ಟೈಮಿನಲ್ಲಿ ಬಂದು, ಮುಹೂರ್ತಕ್ಕೆ ಹೋಗಬೇಕು, ಸ್ವಲ್ಪ ಬೇಗ ಮುಗಿಸೋಣವೇ ಎಂದು ವಿನಯದಿಂದಲೇ ಕೇಳಿದ್ದ. ಹುಡುಗರು ಒಪ್ಪಿಯೂ ಇದ್ದರು.

ಮರುಳಸಿದ್ದಪ್ಪ ವಾಚನ್ನು ಕಣ್ಣಿನ ಹತ್ತಿರ ಹಿಡಿದಿದ್ದರು. "ನಾಕು ನಿಮಿಷ ಆತು ನೋಡ್ರೀ. ಹೆದರ್ಯಾರೆ ಸಾರ್. ನಮಗೆ ಹೆದರ್ಯಾರೆ!"

ಗೋಲ್‌ಕೀಪರ್ ಮತ್ತೆ ಮಲಗಿದಾಗ ಮೂವರೂ ಚಪ್ಪಾಳೆ ತಟ್ಟಿದರು. "ಮಲ್ಕೋ ಮಗಾ, ಆರಾಮಾಗಿ ಮಲ್ಕೋ!" ಎಂದು ವಿಮಲಾ ಕೂಗಿದರು. ಆ ಹುಡುಗ ಬೈಗುಳಕ್ಕೆ ತಯಾರಾಗಿದ್ದನೇ ಹೊರತು ಇದಕ್ಕಲ್ಲ. ಕಕ್ಕಾಬಿಕ್ಕಿಯಾಗಿ ಎದ್ದುಬಿಟ್ಟ. ಮೂವರಿಗೂ ತುಸು ನಿರಾಸೆಯಾಯಿತು.

ಕೊನೆಯ ಸೀಟಿ ಊದಿದರು. ಒಂದು-ಸೊನ್ನೆ. ಸೋಲು ಎಂಟನೆಯದು. ಬಿಟಿಎಂನವರು ಏನೋ ದೊಡ್ಡ ಗಂಡಾಂತರ ಕಳೆದವರಂತೆ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಚಕ್ರಪಾಣಿ ಕುರ್ಚಿಯ ಕೈ ಹಿಡಿದು ಎದ್ದು ಮೈದಾನ ದಾಟಿದರು. ಹುಡುಗರು ಹುಲ್ಲಿನ ಮೇಲೆ ಬಿದ್ದುಕೊಂಡಿದ್ದರು. ಚಕ್ರಪಾಣಿಯವರಲ್ಲಿ ಒಂದು-ಸೊನ್ನೆಗೆ ಧಾಟಿಯೇ ಇರಲಿಲ್ಲ. ಒಂಬತ್ತು-ಸೊನ್ನೆಯೆಂದರೆ ತೊಂಬತ್ತು ದಾಟಿದವರ ಸಾವಿನ ಹಾಗೆ, ಏನು ಹೇಳಿದರೂ ನಡೆಯುತ್ತದೆ. ಇದು ಹಾಗಲ್ಲ. ಇನ್ನೂ ಉಸಿರಾಡುತ್ತಿರುವವರ ಮನೆಗೆ ಸಂತಾಪ ಹೇಳಲು ಬಂದಂತಾಗಿತ್ತು.

"ಚೀಟಿಂಗ್ ಸಾರ್ ಅದು," ಎಂದ ಚಿರಂತ್, ಇನ್ನೂ ಏದುಸಿರು ಬಿಡುತ್ತ. "ಎರಡು ಸಲ ಬಿದ್ದ. ಯಾರೂ ಟಚ್ಚೇ ಮಾಡಿಲ್ಲ."

"ಗೊತ್ತು. ಯಾಕೆ ಬಿದ್ದ?"

"ಟೈಮ್ ವೇಸ್ಟ್ ಮಾಡೋಕೆ."

"ಯಾಕೆ ವೇಸ್ಟ್ ಮಾಡ್ಬೇಕಿತ್ತು? ಇನ್ನೂ ಟೈಮ್ ಇದ್ದಿದ್ರೆ ಏನಾಗ್ತಿತ್ತು?"

ಇದುವರೆಗೆ ಇನ್ನೂ ಟೈಮ್ ಇದ್ದಿದ್ದರೆ ಆಗುತ್ತಿದ್ದುದು ಒಂದೇ, ಇನ್ನೂ ಎರಡು ಗೋಲು ಬೀಳುತ್ತಿದ್ದವು. ಗ್ಲೌಸ್ ಕಳಚುತ್ತಿದ್ದ ಮಯೂರ ತಲೆಯೆತ್ತಿ ಚಿರಂತನನ್ನು ನೋಡಿದ. ಚಿರಂತ್ ಆ ಕಂಬವನ್ನು ನೋಡಿದ. ಆಮೇಲೆ ಯಾರೋ ನಕ್ಕರು.

ಈಗ ಹೇಳಬೇಕು. ಮಂಡಿಯ ಮಾತು ನಾಲಗೆಯ ಮೇಲೇ ಇತ್ತು. ಚಕ್ರಪಾಣಿಯವರಿಗೆ ಹುಡುಗರ ಮೇಲೆ ಸಣ್ಣಗೆ ಸಿಟ್ಟೇ ಬಂತು. ಎಂದಿನಂತೆ ಇನ್ನೂ ಐದು ಗೋಲು ಬಿಟ್ಟುಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಆರು-ಸೊನ್ನೆಯಿಂದ ಯಾರು ಬೇಕಾದರೂ ಎದ್ದು ಹೋಗಬಹುದು, ಹಿಂದಿನಿಂದ ಯಾರೂ ಕರೆಯುವುದಿಲ್ಲ. ಒಂದು-ಸೊನ್ನೆಯಿಂದ ಎದ್ದು ಹೋಗುವುದು ಹೇಗೆ?

"ಮುಂದಿನ ವಾರ ಎಂಟು ಗಂಟೆಗೆ ಮ್ಯಾಚು," ಎಂದ ಮಯೂರ. "ಬರ್ತೀರಲ್ಲ ಅಂಕಲ್?"

"ಎಂಟಕ್ಕಾ?" ಚಕ್ರಪಾಣಿ ಹಣೆ ಒರೆಸಿಕೊಂಡರು. "ಅಷ್ಟು ಬೆಳಗ್ಗೆ ಯಾರಯ್ಯಾ ಬರ್ತಾರೆ? ಸ್ನಾನ ಆಗಿರಲ್ಲ, ತಿಂಡಿ ಆಗಿರಲ್ಲ. ಒಂಬತ್ತಕ್ಕೆ ಇಡಿ ಅಂತ ಹೇಳು."

"ಲೀಗ್‌ನೋರು ಕೇಳಲ್ಲ ಅಂಕಲ್."

"ಕೇಳಲ್ಲ. ಯಾರೂ ಏನೂ ಕೇಳಲ್ಲ." ಹಿಂದೆ ಬಂದು ನಿಂತಿದ್ದ ಮರುಳಸಿದ್ದಪ್ಪನವರ ಕಡೆ ತಿರುಗಿ ದೂರು ಹೇಳುವವರಂತೆ ಅಂದರು, "ಎಂಟಕ್ಕಂತೆ."

"ಏಳೂವರಿಗೆ ಸ್ಕೂಟರ್ ತರ್ತೀನಿ ಬಿಡ್ರೀ, ನಿಮ್ಮನೀ ಹತ್ರ."

"ಏಳೂವರೆಗೆ ಬಂದು ಎಂಟಕ್ಕೆ ಮುಟ್ಟಿಸ್ತೀರಾ ನೀವು?" ಎಂದರು ಚಕ್ರಪಾಣಿ. "ಏಳೂಕಾಲಿಗೇ ಬನ್ನಿ."