ಅಳಿಸಿ ನೋಡಬೇಕಾದ ಗೆರೆ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಲ್ಯಾಬ್ ನಡೆಸುತ್ತಿದ್ದ ಮೇಷ್ಟ್ರು ತೀರಿಕೊಂಡ ದಿನದಿಂದ ಶುರು ಮಾಡಿದರೆ ಮೊದಲ ಸಾಲಿಗೇ ನೀವು ಕಣ್ಣೊರೆಸಿಕೊಳ್ಳುತ್ತೀರಿ, ನನ್ನ ಕೆಲಸ ಹಗುರ. (ಆ ಕರಡನ್ನು ಹರಿದು ಹಾಕಿದೆ. ಚೆನ್ನಾಗೇ ಇತ್ತು, ಈಗ ಹೊಟ್ಟೆ ಉರಿಯುತ್ತಿದೆ.) ಫ್ರೀಜರಿನಿಂದಲೇ ಶುರು ಮಾಡೋಣ.

೨
ಬೆಳಿಗ್ಗೆ ಹತ್ತು ಗಂಟೆ. ಲ್ಯಾಬಿನ ಫ್ರೀಜರಿನಿಂದ ಮೇಷ್ಟ್ರ ಹಳೆಯ ಶಿಷ್ಯೆ ಕಿರುಬೆರಳಿನಷ್ಟು ಟ್ಯೂಬೊಂದನ್ನು ತೆಗೆದಳು. ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುಚ್ಚಳದ ಮೇಲೆ ಮೇಷ್ಟ್ರ ಕೋಳಿಕಾಲಿನ ಅಕ್ಷರ. ಒಳಗೆ ಅವರು ಮೊಲದ ರಕ್ತದಿಂದ ಬೇರ್ಪಡಿಸಿದ ಆ್ಯಂಟಿಬಾಡಿ. ಇನ್ನು ಒಂದೇ ಸಲಕ್ಕೆ ಸಾಕಾಗುವಷ್ಟಿದೆ.

(ಗೊತ್ತಿಲ್ಲದವರಿಗೆ: ಜೀವಕೋಶದ ಮೈಮೇಲೆ ಕೀಮೋಕೈನ್ ಎಂಬ ರಾಸಾಯನಿಕ ಕರೆಯನ್ನು ಹಿಡಿಯುವ ಗ್ರಾಹಕಗಳಿರುತ್ತವೆ. ಕರೆ ತಲುಪಿದಾಗ ಗ್ರಾಹಕದ ಬಾಲಕ್ಕೆ ಫಾಸ್ಫೇಟ್ ಅಂಟುತ್ತದೆ. ಅದು ಅಂಟಿದ್ದರೆ ಮಾತ್ರ ಈ ಆ್ಯಂಟಿಬಾಡಿ ಹಿಡಿಯುತ್ತದೆ, ಪರೀಕ್ಷೆಯ ಫೋಟೋದಲ್ಲಿ ಕಪ್ಪು ಗೆರೆ ಮೂಡುತ್ತದೆ. ಹಾಗಂತ ಮೇಷ್ಟ್ರು ಹೇಳಿದ್ದರು.)

ಅದು ನಿಜವೋ ಸುಳ್ಳೋ ಎಂದು ತಿಳಿಯುವ ದಾರಿ ಸುಲಭ. ಎಂಜೈಮ್ ಹಾಕಿ ಫಾಸ್ಫೇಟನ್ನು ಕಿತ್ತುಹಾಕಬೇಕು, ಗೆರೆ ಮಾಯವಾಗಬೇಕು. ಹನ್ನೊಂದು ವರ್ಷದಲ್ಲಿ ಈ ಲ್ಯಾಬಿನಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. ಮೇಷ್ಟ್ರನ್ನು ಪರೀಕ್ಷೆ ಮಾಡುವುದು ಅಧಿಕಪ್ರಸಂಗವೆಂದು ಎಲ್ಲರೂ ಸುಮ್ಮನಿದ್ದರು. ಅವಳೂ.

೩
ಫ್ರೀಜರುಗಳ ಬೀಗ ಕಾಯುವ ಹಿರಿಯ ಟೆಕ್ನಿಷಿಯನ್ ಹಿಂದೆಯೇ ನಿಂತಿದ್ದ.

"ಇದರಲ್ಲಿ ರಿಸರ್ಚ್ ಪೇಪರಿನ ಕೊನೇ ಚಿತ್ರ ಮುಗಿಸಿಬಿಡಿ ಮೇಡಂ. ಮೇಷ್ಟ್ರ ಹೆಸರಲ್ಲಿ ಬರೋದು ಇನ್ನು ಅದೊಂದೇ."

"ಗೆರೆ ಸುಳ್ಳಾಗಿದ್ರೆ?"

"ಹೋದವರನ್ನ ಯಾಕೆ ಕೆದಕ್ತೀರಿ?"

"ನನ್ನನ್ನೇ ಕೆದಕ್ಕೋತಿದೀನಿ ಅಣ್ಣಾ. ಹನ್ನೊಂದು ವರ್ಷ ಕಣ್ಮುಚ್ಚಿಕೊಂಡು ನಂಬಿದ್ದು ನಾನೇ ಅಲ್ವಾ?"

೪
ಜೀವಕೋಶದ ಎರಡು ಸ್ಯಾಂಪಲ್ ಜೆಲ್‌ನಲ್ಲಿ ಓಡಿಸಿ ತೆಳು ಪೊರೆಗೆ ಇಳಿಸಿದಳು: ಎಡಗಡೆ ಇದ್ದ ಹಾಗೇ, ಬಲಗಡೆ ಫಾಸ್ಫೇಟ್ ಕಿತ್ತದ್ದು. ಅದರ ಮೇಲೆ ಆ್ಯಂಟಿಬಾಡಿಯ ಕೊನೆಯ ಹನಿಯನ್ನೂ ಸುರಿದಳು. ಫಲಿತಾಂಶದವರೆಗೆ ನನಗೆ ತಡೆಯಲಾಗಲಿಲ್ಲ, ಅಂತ್ಯ ಬರೆಯತೊಡಗಿದೆ.

ಅಂತ್ಯ ಒಂದು: ಬಲಗಡೆ ಗೆರೆ ಮಾಯ, ಮೇಷ್ಟ್ರು ಗೆದ್ದರು. ಅಂತ್ಯ ಎರಡು: ಎರಡೂ ಕಡೆ—

"ಯಾರ್ರೀ ನೀವು, ಫೋಟೋ ತೆಗೆಯೋ ಮುಂಚೆ ರಿಸಲ್ಟ್ ಬರೆಯೋಕೆ?" ಅವಳು ಕಥೆಯೊಳಗಿಂದ ನನ್ನತ್ತ ತಿರುಗಿದಳು.

"ಲೇಖಕ. ನಿಮಗೆ ಒಳ್ಳೇದಾಗ್ಲಿ ಅಂತ..."

"ಒಳ್ಳೇದಾಗ್ಲಿ ಅಂತಾನೇ ನಾವೂ ಇಷ್ಟು ವರ್ಷ ಸುಮ್ನಿದ್ದಿದ್ದು. ನಿಮ್ಮ ಕಥೆಗೆ ಕಂಟ್ರೋಲ್, ಅಂದ್ರೆ ಹೋಲಿಸಿ ನೋಡೋ ಇನ್ನೊಂದು ಸ್ಯಾಂಪಲ್, ಎಲ್ಲಿದೆ? ಮೇಷ್ಟ್ರ ಸಾವನ್ನ ಕಿತ್ತುಹಾಕಿ ಓದಿ ನೋಡಿ. ಆಗ್ಲೂ ಕಥೆ ಹೀಗೇ ಇದ್ರೆ ನಿಮ್ಮ ದುಃಖ ಸುಳ್ಳು."

೫
(ಮುಖಕ್ಕೆ ಹೊಡೆದ ಹಾಗಾಯಿತು. ಆದರೂ ಕಿತ್ತುಹಾಕಿದೆ.)

ಬೆಳಿಗ್ಗೆ ಹತ್ತು ಗಂಟೆ. ಅವಳು ಟ್ಯೂಬನ್ನು ಎರಡೇ ಬೆರಳಲ್ಲಿ ಹಿಡಿದಿದ್ದಾಳೆ. ಸ್ಟೂಲಿನ ಮೇಲೆ ಕೂತ ಮೇಷ್ಟ್ರು ಕನ್ನಡಕ ಒರೆಸುತ್ತಾ ನಗುತ್ತಾರೆ: "ಖಾಲಿಯಾದ್ರೆ ಇನ್ನೊಂದು ಬ್ಯಾಚ್ ಮಾಡಿದ್ರಾಯ್ತು, ಹಾಕಮ್ಮ ಎಂಜೈಮು. ಇಷ್ಟು ಕೇಳೋಕೆ ಹನ್ನೊಂದು ವರ್ಷ ಬೇಕಾಯ್ತಾ ನಿಂಗೆ?"

ನಾನು ಬರೆದದ್ದನ್ನು ಅವಳು ಓದಿದಳು. ಗ್ಲೌಸ್ ಹಾಕಿದ್ದ ಕೈಯಲ್ಲಿ ಕಣ್ಣೊರೆಸಿಕೊಳ್ಳುವಂತಿಲ್ಲ, ಹಾಗೇ ಬಿಟ್ಟಳು.

"ಇದೂ ನೀವೇ ಬರೆದಿದ್ದು. ಅವರು ಹೀಗಂತಿದ್ರೋ, ಬೈದು ಕಳಿಸ್ತಿದ್ರೋ, ಇನ್ನು ಯಾರನ್ನ ಕೇಳ್ಲಿ? ಇದ್ದಾಗ ಕೇಳ್ಬೇಕಿತ್ತು."

೬
ಸಂಜೆ ಅವಳು ಪೊರೆಯನ್ನು ಕ್ಯಾಮೆರಾ ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿದಳು. ಟೆಕ್ನಿಷಿಯನ್ ಕೂಡ ಪಕ್ಕದಲ್ಲಿ ಬಂದು ನಿಂತ.

ಅಂತ್ಯ ಒಂದನ್ನೂ ಎರಡನ್ನೂ ಹೊಡೆದುಹಾಕಿದ್ದೇನೆ. ಈ ಪುಟದ ಬಲಗಡೆ ಸ್ವಲ್ಪ ಜಾಗ ಖಾಲಿ ಬಿಟ್ಟಿದ್ದೇನೆ. ಖಾಲಿ ಇದೆಯಲ್ಲ, ಹಾಗಾದರೆ ಗೆರೆ ಮೂಡಲಿಲ್ಲ, ಮೇಷ್ಟ್ರು ಗೆದ್ದರು ಎಂದು ದಯವಿಟ್ಟು ಸಮಾಧಾನ ಪಡಬೇಡಿ. ನಾನಿನ್ನೂ ಫೋಟೋ ನೋಡಿಲ್ಲ, ಅಷ್ಟೆ.