ಹಕ್ಕಿ ಮುಗಿದು ಮೂರು ದಿನ

ಹನ್ನೆರಡು ಕೋಟು, ಒಂದೊಂದಕ್ಕೆ ಆರು ಗುಂಡಿ. ಬೆಳಗಿನಿಂದ ಅವಳು ಬಾಯಿ ಬಿಡದೆ ಹೊಲಿಯುತ್ತಿದ್ದಳು. ಎದುರು ಕೂತ ಟೈಲರ್ ಮಾಸ್ಟರೂ ಮಾತಾಡುತ್ತಿರಲಿಲ್ಲ. ಅವರ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಪಕ್ಕದ ಕೋಣೆಯ ಪಾರಿವಾಳಗಳ ಗುಟುರು ಬಿಟ್ಟರೆ ಆ ಉಡುಪಿನ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ.

ಸಿನಿಮಾದವರು ಅವಳನ್ನು ಕರೆಯುತ್ತಿದ್ದದ್ದೇ ಗುಂಡಿ ಎಂದು. ಏಳನೇ ತರಗತಿಗೆ ಶಾಲೆ ಬಿಟ್ಟು ಸೂಜಿ ಹಿಡಿದವಳು. ಮಾತು ಕಡಿಮೆ, ಕಣ್ಣು ಜಾಸ್ತಿ. "ನೋಡ್ಕೊಂಡು ಬನ್ನಿ, ಇಲ್ಲಿ ಗುಂಡಿ ಇದೆ, ಬಿದ್ದೀರಾ" ಎಂದು ಬಂದವರಿಗೆಲ್ಲ ಮಾಸ್ಟರು ಅದೇ ಹಳಸಿದ ತಮಾಷೆ ಬಡಿಸುತ್ತಿದ್ದರು.

ತೆಗೆಯುತ್ತಿದ್ದದ್ದು ಹೆಸರುವಾಸಿ ಕಾದಂಬರಿಯೊಂದರ ಸಿನಿಮಾ. ಹಿಮದ ನೆತ್ತಿಯಲ್ಲೊಂದು ಕಾವಲು ಠಾಣೆ, ಅಲ್ಲಿ ಸಿಕ್ಕಿಕೊಂಡ ಹನ್ನೆರಡು ಮಂದಿ ಸೈನಿಕರು. ಬರೆದವರು ತಾವೇ ಅಲ್ಲಿ ಎರಡು ಚಳಿಗಾಲ ಕಳೆದವರು ಎಂದು ಪುಸ್ತಕದ ಹಿಂಬದಿಯಲ್ಲಿ ಅಚ್ಚಾಗಿತ್ತು. ಗುಂಡಿಗೆ ಮಾತ್ರ ಅವರ ಮೇಲೆ ಮೊದಲ ದಿನದಿಂದಲೇ ಅನುಮಾನ. ಅವರು ಕೋಟು ನೋಡಲು ಬಂದಿದ್ದಾಗ ಮಾಸ್ಟರು, "ಕೈಗವಸು ಹಾಕ್ಕೊಂಡು ಈ ಗುಂಡಿ ಹೆಂಗೆ ಬಿಚ್ತಿದ್ರಿ ಸರ್?" ಎಂದು ಕೇಳಿದ್ದರು. ಕಾದಂಬರಿಕಾರರು ಕೋಟಿನ ಗುಂಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಭ್ಯಾಸ ಆಗುತ್ತೆ" ಎಂದಿದ್ದರು. ಅಭ್ಯಾಸವಾದ ಕೈ ಹಾಗೆ ತಡವರಿಸುವುದಿಲ್ಲ ಎಂದು ಅವಳಿಗೆ ಅನ್ನಿಸಿತ್ತು.

ಅವಳ ಅಪ್ಪನೂ ಸೈನಿಕ. ಅವಳಿಗೆ ಎಂಟು ವರ್ಷವಿದ್ದಾಗ ಅಂಥದೇ ಒಂದು ನೆತ್ತಿಗೆ ಹತ್ತಿ ಹೋದವನು ಮತ್ತೆ ಇಳಿಯಲಿಲ್ಲ. ಹಿಮ ಜಾರಿ ಠಾಣೆಯೇ ಹೂತುಹೋಯಿತು; ಮನೆಗೆ ಬಂದದ್ದು ಕೆಳಗಿನ ಶಿಬಿರದಲ್ಲಿಟ್ಟಿದ್ದ ಅವನ ತಗಡಿನ ಪೆಟ್ಟಿಗೆ ಮಾತ್ರ. ಮೇಲಿದ್ದ ಹತ್ತು ತಿಂಗಳಲ್ಲಿ ಅವನಿಂದ ಒಂದು ಕಾಗದವೂ ಬಂದಿರಲಿಲ್ಲ. ಸತ್ತದ್ದನ್ನು ಅಮ್ಮ ಹೇಗೋ ನುಂಗಿಕೊಂಡಳು, ಬರೆಯದಿದ್ದದ್ದನ್ನು ನುಂಗಿಕೊಳ್ಳಲಿಲ್ಲ. "ಹೆಂಡತಿ ಮಗಳು ಅಂತ ಇದ್ದಾರೆ ಅನ್ನೋದೇ ಮರೆತಿದ್ದ ಮಹರಾಯ" ಎಂದು ಹನ್ನೊಂದು ವರ್ಷದಿಂದ ಅದೇ ಹಾಡು.

ಕೊನೆಯ ಕೋಟು ನಾಯಕನದು. ಅದರ ಒಳಜೇಬಿಗೆ ಒಂದು ಕಾಗದವಿಟ್ಟು, ಬೀಳದಂತೆ ಎರಡು ಹೊಲಿಗೆ ಹಾಕಬೇಕಿತ್ತು. ನಾಯಕ ಹೆಂಡತಿಗೆ ಬರೆಯುವ ಕಾಗದ. ಅದರ ಒಂದೊಂದು ಅಕ್ಷರವೂ ಕಾದಂಬರಿಯದೇ. ಅವಳು ಬೆರಳಿಟ್ಟು ಓದಿದಳು.

'ಹಕ್ಕಿ ಮುಗಿದು ಮೂರು ದಿನ. ಮೋಡ ಸರಿದರೆ ಮೇಲಿಂದ ಬೀಳಬಹುದು ಎಂದು ಎಲ್ಲರೂ ಆಕಾಶ ನೋಡುತ್ತಾ ಕೂತಿದ್ದೇವೆ.'

ನಿರ್ದೇಶಕನಿಗೆ ಈ ಸಾಲೆಂದರೆ ಪ್ರಾಣ. ಪಾರಿವಾಳಗಳನ್ನು ತರಿಸಿದ್ದೇ ಇದಕ್ಕಾಗಿ. ಗುಂಡಿಯ ಸೂಜಿ ಮಾತ್ರ ಅಲ್ಲೇ ನಿಂತಿತು. ಎತ್ತರದ ಠಾಣೆಗಳಿಗೆ ದವಸದ ಮೂಟೆಗಳನ್ನು ವಿಮಾನದಿಂದ ಉದುರಿಸುತ್ತಾರೆ ಎಂದು ಸೈನಿಕನ ಮಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸಂಜೆ ಮನೆಗೆ ಹೋದವಳೇ ಚಪ್ಪಲಿ ಬಿಟ್ಟು ತಗಡಿನ ಪೆಟ್ಟಿಗೆ ಎಳೆದಳು.

"ಏನೇ ಅದು, ಬಂದಿದ್ದೇ ತಡ?" ಎಂದಳು ಅಮ್ಮ.

"ಅಮ್ಮಾ, ಅಪ್ಪ ಅಕ್ಕಿಗೆ ಏನಂತ ಬರೀತಿದ್ದ?"

ಬೇಡಬೇಡವೆಂದರೂ ಅಮ್ಮನಿಗೆ ನಗು ಬಂತು. "ಹಕ್ಕಿ ಅಂತ. ನಿಮ್ಮಪ್ಪ 'ಹ'ನ ಇರೋ ಕಡೆ ನುಂಗ್ತಿದ್ದ, ಇಲ್ಲದ ಕಡೆ ಉಗುಳ್ತಿದ್ದ. ಅವನ ಚೀಟಿ ಕಂಡ್ರೆ ಅಂಗಡಿಯವನು, 'ಬಲೆ ತಂದಿದ್ದೀಯೇನಮ್ಮಾ, ಹಕ್ಕಿ ಹಿಡಿಯೋಕೆ' ಅಂತಿದ್ದ. ಯಾಕೆ ಈಗ?"

"ಸುಮ್ನೆ."

"ಸುಮ್ನೆ ಯಾರೂ ಆ ಪೆಟ್ಟಿಗೆ ತೆಗೆಯಲ್ಲ" ಎಂದು ಅಮ್ಮ ಅವಳ ಮುಖವನ್ನೇ ನೋಡಿದಳು.

ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಹಾಳೆಯಡಿ ಒಂದು ಹಳೆಯ ಚೀಟಿ ಸಿಕ್ಕಿತು. 'ಹಕ್ಕಿ ಎರಡು ಕಿಲೊ. ಹುಪ್ಪು. ಹೆಣ್ಣೆ.' ಅವಳು ಅದನ್ನು ಮಡಿಸಿ ಸೂಜಿಡಬ್ಬಿಯಲ್ಲಿಟ್ಟುಕೊಂಡಳು. ಕಾದಂಬರಿಯ ಆ ಸಾಲು ಅಪ್ಪನ ಕೈಯದೇ. ಅಪ್ಪನ ಜೊತೆ ಒಂದು ಹೊತ್ತು ಉಂಡವನಿಗೂ ಆ ಹಕ್ಕಿ ಯಾವುದೆಂದು ತಿಳಿದಿರುತ್ತಿತ್ತು. ತಿಳಿಯದೆ ಇರುವವನೆಂದರೆ ಅಪ್ಪನನ್ನು ಕಾಣದೆ, ಅವನು ಬರೆದದ್ದನ್ನು ಮಾತ್ರ ಓದಿದವನು. ಮನೆಗೇ ಬಾರದ ಕಾಗದ ಅಂಥವನ ಕೈಗೆ ಹೇಗೆ ಹೋಯಿತು?

ಮರುದಿನ ನಾಯಕನ ಕೋಟು ನೋಡಲು ನಿರ್ದೇಶಕನೂ ಕಾದಂಬರಿಕಾರರೂ ಉಡುಪಿನ ಕೋಣೆಗೆ ಬಂದರು. ಗುಂಡಿ ಕಾಲರ್ ಸರಿಮಾಡುತ್ತಾ, ತಲೆ ಎತ್ತದೆ ಕೇಳಿದಳು.

"ಸರ್, ಅಲ್ಲಿ ಯಾವ ಹಕ್ಕಿ ಇದ್ವು?"

"ಓಹೋ, ಗುಂಡಿಗೂ ಬಾಯಿದೆ!" ಎಂದರು ಮಾಸ್ಟರು.

ಕಾದಂಬರಿಕಾರರು ಮೆಲ್ಲಗೆ ನಕ್ಕರು. "ಸಣ್ಣವಮ್ಮ, ಬಿಳೀವು. ಚಳಿ ಏರಿದ ಹಾಗೆ ಒಂದೊಂದೇ ಕಾಣೆಯಾದವು. ಕೊನೆಗೆ ಒಂದೂ ಉಳೀಲಿಲ್ಲ."

"ನೀವೇ ನೋಡಿದ್ರಾ?"

"ಈ ಕಣ್ಣಾರೆ."

"ಅದು ಹಕ್ಕಿ ಅಲ್ಲ ಸರ್. ಅಕ್ಕಿ."

ನಿರ್ದೇಶಕ ಗೊಳ್ಳೆಂದು ನಕ್ಕ. "ಸರಿಹೋಯ್ತು! ಹಂಗಾದ್ರೆ ನಲವತ್ತು ಪಾರಿವಾಳ ಕಟ್ಕೊಂಡು ನಾನೇನು ಮಾಡ್ಲಿ, ಸಾಕ್ಕೊಳ್ಳಾ?"

ಅವಳು ಡಬ್ಬಿಯಿಂದ ಚೀಟಿ ತೆಗೆದು ಇಸ್ತ್ರಿ ಮೇಜಿನ ಮೇಲೆ ಬಿಡಿಸಿಟ್ಟಳು. "ನಮ್ಮಪ್ಪ ಬರೆದಿದ್ದು. ಅಕ್ಕಿ ಮುಗಿದು ಮೂರು ದಿನ ಆಗಿತ್ತು. ಮೂಟೆ ಬೀಳುತ್ತೆ ಅಂತ ಆಕಾಶ ನೋಡ್ತಿದ್ರು."

ನಿರ್ದೇಶಕ ಚೀಟಿ ಓದಿದ. ನಗು ಅರ್ಧಕ್ಕೆ ನಿಂತಿತು. "ನೀವು ಮೇಲೆ ಇದ್ರಿ ಅಲ್ವಾ ಸರ್?"

"ಮೇಲೆ ಅಂದ್ರೆ..." ಕಾದಂಬರಿಕಾರರ ಕಣ್ಣು ಚೀಟಿಯ ಅಕ್ಷರಗಳ ಮೇಲೇ ಇತ್ತು. ಆ ಕೈಬರಹ ಅವರಿಗೆ ಹೊಸದಲ್ಲ ಎಂಬುದು ಅವಳಿಗೆ ಕಂಡಿತು. "ಕೆಳಗಿನ ಶಿಬಿರದಲ್ಲಿ. ಕಚೇರಿ ಕೆಲಸ. ಮೇಲಿಂದ ಬಂದ ಕಾಗದ ಓದಿ, ಮುದ್ರೆ ಒತ್ತಿ ಕಳಿಸೋದು. ಎಲ್ಲಾ ನನ್ನ ಮೇಜಿಂದಾನೇ ಹೋಗ್ಬೇಕಿತ್ತು."

ಹೋಗ್ಬೇಕಿತ್ತು ಎಂದರು. ಹೋಗ್ತಿತ್ತು ಎನ್ನಲಿಲ್ಲ.

ಗುಂಡಿ ಕೋಟಿನ ಅಂಚು ಹಿಡಿದುಕೊಂಡಳು. ಇಷ್ಟು ಜನರ ಮುಂದೆ ಅವಳು ಇಷ್ಟು ಮಾತಾಡಿದ್ದು ಅದೇ ಮೊದಲು.

"ಸರ್, ಅಪ್ಪನ ಕಾಗದ ಇಟ್ಕೊಂಡಿದ್ರೆ ಕೊಡಿ. ಅಮ್ಮನಿಗೆ ಓದಿ ಹೇಳ್ಬೇಕು."

ಕಾದಂಬರಿಕಾರರು ಕೋಟಿನ ಮೇಲಿನ ಗುಂಡಿಯೊಂದನ್ನು ತಿರುಗಿಸತೊಡಗಿದರು. ನಿರ್ದೇಶಕ ಕಿಟಕಿಯತ್ತ ನೋಡಿದ. ಮಾಸ್ಟರು ಬೇಕಿಲ್ಲದಿದ್ದರೂ ನಾಲ್ಕು ಗುಂಡುಸೂಜಿ ತೆಗೆದು ಬಾಯಲ್ಲಿಟ್ಟುಕೊಂಡರು. ಪಕ್ಕದ ಕೋಣೆಯಲ್ಲಿ ಪಾರಿವಾಳಗಳು ಗುಟುರು ಹಾಕುತ್ತಲೇ ಇದ್ದವು.

"ಒಂದಾದರೂ ಕೊಡಿ ಸರ್."